ಗೇಣುದ್ದದ ಗಿಡ, ಹಳೇ ಮುಖದ ಹೂ

ನಿವೃತ್ತಿಯ ದಿನ ನರ್ಸರಿಯವರು ನನಗೆ ಶಾಲು ಹೊದಿಸಿ, ಕೈಗೆ ತೆಂಗಿನಕಾಯಿ ಇಟ್ಟು, ಒಂದು ಗುಲಾಬಿ ಗುಚ್ಛ ಕೊಟ್ಟರು. ಮೊಳದುದ್ದದ ದಂಟು, ಮೇಲೆ ಪ್ಲಾಸ್ಟಿಕ್ ಹಾಳೆ, ಯಾವುದೋ ಶೀತಪೆಟ್ಟಿಗೆಯಲ್ಲಿ ನಾಲ್ಕು ದಿನ ಕಳೆದು ಬಂದ ಕೆಂಪು ಹೂಗಳು. ಅಭ್ಯಾಸಬಲದಿಂದ ಮೂಗಿಗೆ ಹಿಡಿದೆ. ವಾಸನೆಯೇ ಇರಲಿಲ್ಲ. ಮೂವತ್ತೊಂದು ವರ್ಷ ಗುಲಾಬಿ ಬೆಳೆಸಿದವಳಿಗೆ ಪೇಟೆಯಿಂದ ತಂದ, ವಾಸನೆಯಿಲ್ಲದ ಗುಲಾಬಿ. ಹತ್ತು ಹೆಜ್ಜೆ ದೂರದಲ್ಲಿ ನಾನೇ ಬೆಳೆಸಿದ ಗಿಡಗಳು ಸಾಲಾಗಿ ನಿಂತಿದ್ದವು. ಅಲ್ಲಿಂದ ಒಂದೇ ಒಂದು ಹೂ ಕಿತ್ತು ಕೊಟ್ಟಿದ್ದರೂ ನಾನು ಇಷ್ಟು ಉರಿದುಕೊಳ್ಳುತ್ತಿರಲಿಲ್ಲ.

ಆಮೇಲೆ ಭಾಷಣಗಳು. ಎಲ್ಲರದೂ ಒಂದೇ ಮಾತು. "ಇಂದಿರಾಬಾಯಿ ಅವರ ಕೈಗುಣ ಭಾಳ ಛಲೋರಿ. ಒಣ ಕಡ್ಡಿ ಹಚ್ಚಿದ್ರೂ ಚಿಗೀತದ."

ಈ ಕೈಗುಣದ ಮಾತು ಕೇಳಿ ಕೇಳಿ ನನಗೆ ಸಾಕಾಗಿ ಹೋಗಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಇದು: ಕೈಗುಣ ಎಂಬುದೇನೂ ಇಲ್ಲ. ನನ್ನ ಕೈಯಲ್ಲಿ ಬದುಕಿದ್ದಕ್ಕಿಂತ ಸತ್ತ ಗಿಡಗಳೇ ಹೆಚ್ಚು. ಕೈಗುಣ ಅಂದುಬಿಟ್ಟರೆ ನೀನು ಏನು ಕಲಿತೆ, ಹೇಗೆ ಕಲಿತೆ ಎಂದು ಯಾರೂ ಕೇಳಬೇಕಾಗಿಲ್ಲ. ದೇವರು ಕೊಟ್ಟದ್ದು, ಅವಳದೇನು ಹೆಚ್ಚುಗಾರಿಕೆ ಎಂದು ಕೈತೊಳೆದುಕೊಳ್ಳಬಹುದು.

ನನ್ನದು ಚಿಕ್ಕ ಗುಲಾಬಿಗಳ ಕೆಲಸ. ಗೇಣುದ್ದ ಬೆಳೆಯುವ, ಬೊಗಸೆಯಲ್ಲಿ ಹಿಡಿಸುವಷ್ಟು ಕುಂಡದಲ್ಲಿ ಬದುಕುವ ಗಿಡಗಳು. ಅವುಗಳಲ್ಲಿ ಒಂದು ತಳಿ ನಾನೇ ಮಾಡಿದ್ದು. ಗಿಡ ಚಿಕ್ಕದು, ಹೂವಿನ ಮುಖ ಮಾತ್ರ ನಮ್ಮ ಅಜ್ಜಿಯರ ಕಾಲದ್ದು. ಇದನ್ನು ಬರೆಯಲು ಕೂತಾಗ ಆ ತಳಿಯ ಗಿಡ ಇಡೀ ಪುಣೆಯಲ್ಲಿ ಒಂದೇ ಒಂದು ಉಳಿದಿತ್ತು. ಅದೂ ನನ್ನ ಹತ್ತಿರ ಇರಲಿಲ್ಲ. ಹೀಗೇಕಾಯಿತು ಎಂದು ಹೇಳುವುದಕ್ಕೇ ಈ ಬರಹ. ನನ್ನ ಹುದ್ದೆ ಏನಿತ್ತು, ಯಾವಾಗ ಏರಿತು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾವ ಗಿಡಕ್ಕೂ ಬೇರು ಬಂದಿಲ್ಲ.

ನಾನು ಬೈಲಹೊಂಗಲದ ಕಡೆಯವಳು. ಮದುವೆಯಾಗಿ ಪುಣೆಯ ಬಿಬವೇವಾಡಿಗೆ ಬಂದೆ. ಯಜಮಾನರು ಒಂದು ಬೆಲ್ಲದ ಅಂಗಡಿಯಲ್ಲಿ ಗುಮಾಸ್ತರು. ಆ ಅಂಗಡಿಗೆ ಬರುತ್ತಿದ್ದ ಬೆಳಗಾವಿ ಕಡೆಯ ಸಾವಕಾರರೊಬ್ಬರು ಕಾತ್ರಜ ದಾಟಿದ ಮೇಲೆ ಗುಡ್ಡದ ಇಳಿಜಾರಿನಲ್ಲಿ ನರ್ಸರಿ ಇಟ್ಟಿದ್ದರು. ಅವರಿಗೆ ಗಿಡಗಳ ಹೆಸರಿನ ಚೀಟಿ ಬರೆಯುವವರು ಬೇಕಾಗಿತ್ತು.

"ಅಕ್ಷರ ದುಂಡಗ ಅದಾವೇನ್ರಿ?" ಎಂದು ಕೇಳಿದರು.

"ಕನ್ನಡದಾಗ ಅದಾವ್ರಿ. ಮರಾಠಿ ಬರೀಲಿಕ್ಕೆ ಬರೂದಿಲ್ರಿ."

"ಮಾತಾಡ್ತೀರಲ್ಲ, ಬರಿಯೂದೇನ್ ದೊಡ್ಡದು. ಕಲೀರಿ. ನಾಳಿಂದ ಬರ್ರಿ."

ಸಂದರ್ಶನ ಇಷ್ಟೇ. ಆಗ ಚೀಟಿ ಅಂದರೆ ತಗಡಿನ ಪಟ್ಟಿ, ಅದರ ಮೇಲೆ ಮೊಳೆಯಿಂದ ಕೊರೆದ ಅಕ್ಷರ. ನನ್ನ ಮೊದಲ ದೊಡ್ಡ ಎಡವಟ್ಟು ಆ ತಗಡುಗಳದೇ. ಮೊದಲ ಮಳೆಗಾಲದಲ್ಲಿ ಪಟ್ಟಿಗಳಿಗೆಲ್ಲ ಕೆಸರು ಮೆತ್ತಿಕೊಂಡಿತ್ತು. ಹೆಣ್ಣುಮಗಳು ನೋಡಿ, ಸುಮ್ಮನಿರಲಾಗಲಿಲ್ಲ. ಮನೆಯ ಪಾತ್ರೆ ತೊಳೆದ ಹಾಗೆ ಎಲ್ಲ ಪಟ್ಟಿಗಳನ್ನೂ ಕಿತ್ತು, ಬಕೆಟ್ಟಿನಲ್ಲಿ ತಿಕ್ಕಿ ತೊಳೆದೆ. ಫಳಫಳ ಹೊಳೆಯುವ ಹಾಗೆ ಮಾಡಿದ ಮೇಲೆ ನೋಡುತ್ತೇನೆ, ಯಾವುದು ಯಾವ ಗಿಡದ್ದು ಎಂಬುದೇ ಗೊತ್ತಿಲ್ಲ. ಹೂ ಬಿಡದ ಗುಲಾಬಿ ಗಿಡಗಳೆಲ್ಲ ಒಂದೇ ಥರ ಕಾಣುತ್ತವೆ. ಅಂದಾಜಿನ ಮೇಲೆ ಸಿಗಿಸಿಬಿಟ್ಟೆ.

ನರ್ಸರಿಯ ಹಿರಿಯ ಮಾಲಿ ಗಣಪತ ಮಾಮಾ, ಸಾತಾರೆಯ ಕಡೆಯ ಮರಾಠಿಗರು. ಒಂದು ಪಟ್ಟಿ ನೋಡಿದರು, ಎರಡು ನೋಡಿದರು, ಅವರಿಗೆ ಗೊತ್ತಾಯಿತು. ಬೈಯಲಿಲ್ಲ. ಆ ಸಾಲಿನ ಯಾವ ಗಿಡವನ್ನೂ ಮಾರಕೂಡದೆಂದು ಹಗ್ಗ ಕಟ್ಟಿದರು. ದಸರೆಯ ನಂತರ ಹೂ ಬಿಡತೊಡಗಿದ ಮೇಲೆ ದಿನಾ ಬೆಳಿಗ್ಗೆ ಒಂದೊಂದೇ ಮೊಗ್ಗು ತೋರಿಸಿ ಪಟ್ಟಿ ಬದಲಿಸಿದರು. ಕೊನೆಗೆ ಒಂದೇ ಮಾತು ಹೇಳಿದರು. "ಪಾಟೀ ಖೋಟೀ ಅಸಲೀ, ಕೀ ಝಾಡಹೀ ಖೋಟಂ." ಚೀಟಿ ಸುಳ್ಳಾದರೆ ಗಿಡವೂ ಸುಳ್ಳೇ. ನನಗೆ ಕಡ್ಡಿ ನೆಡುವುದನ್ನು, ಕೊಂಬೆ ಸವರಿ ಚಾಟುವುದನ್ನು, ಕಸಿ ಕಟ್ಟುವುದನ್ನು ಕಲಿಸಿದವರೂ ಅವರೇ. ಭಾಷಣದ ದಿನ ಅವರ ಹೆಸರನ್ನು ಯಾರೂ ಎತ್ತಲಿಲ್ಲ. ಅವರದು ಬಹುಶಃ ಕೈಗುಣವೂ ಆಗಿರಲಿಲ್ಲ, ಬರೀ ದುಡಿಮೆ.

ಗಿರಾಕಿಗಳಲ್ಲಿ ಒಬ್ಬರು ಧಾರವಾಡದ ನಿವೃತ್ತ ಶಿಕ್ಷಕಿ. ಇಲ್ಲೇ ಪುಣೆಯ ಕೊಂಢವಾದಲ್ಲಿ ಮೂರನೇ ಮಹಡಿಯ ಮನೆ. ನಮ್ಮ ಕಡೆ ಶಿಕ್ಷಕಿಯರಿಗೆ ಅಕ್ಕೋರು ಅನ್ನುತ್ತೇವೆ. ನಾನೂ ಮೊದಲ ದಿನದಿಂದ ಹಾಗೇ ಕರೆದೆ. ಅವರು ಬಂದವರೇ ನಮ್ಮ ಚಿಕ್ಕ ಬಟನ್ ಗುಲಾಬಿಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಮೂಸುತ್ತ ಹೋದರು.

"ಇಂದಿರಾ, ಇವಕ್ಕ ಒಂದಕ್ಕೂ ವಾಸನಿ ಇಲ್ಲಲ್ಲ?"

"ಬಟನ್ ಗುಲಾಬಿಗೆ ಇರೂದಿಲ್ರಿ ಅಕ್ಕೋರ."

"ನಂಗ ಗೇಣುದ್ದದ ಗಿಡ ಬೇಕು. ಬಾಲ್ಕನಿಯೊಳಗ ಅದಕ್ಕಿಂತ ಜಾಗಾ ಇಲ್ಲ. ಆದ್ರ ಹೂವಿನ ಮುಖ ನಮ್ಮ ಹಿತ್ತಲದಾಗ ಇದ್ದ ಪನ್ನೀರ ಗುಲಾಬಿದ್ದಂಗ ಇರಬೇಕು. ತುಂಬ ಎಸಳು, ನಟ್ಟನಡುವ ವಾಸನಿ."

"ಅಂಥಾದ್ದು ಇಲ್ರಿ."

"ಇಲ್ಲಂದ್ರ ಮಾಡು. ನೀನು ಗಿಡ ಮಾಡೂಕಿ ಹೌದಲ್ಲೊ?"

ಅವರು ಅಷ್ಟು ಹೇಳಿ ತುಳಸಿ ಗಿಡ ಕೊಂಡು ಹೋದರು. ನನ್ನ ತಲೆಯಲ್ಲಿ ಮಾತ್ರ ಆ ಮಾತು ಕೂತುಬಿಟ್ಟಿತು. ಪನ್ನೀರು ಗುಲಾಬಿಯನ್ನು ಇಲ್ಲಿ ಗಾವಠಿ ಗುಲಾಬಿ ಅನ್ನುತ್ತಾರೆ. ಗುಲ್ಕಂದಕ್ಕೆ ಹಾಕುವುದು ಅದನ್ನೇ. ಎದೆಮಟ್ಟ ಬೆಳೆಯುತ್ತದೆ, ಮೈತುಂಬ ಮುಳ್ಳು. ಅದರ ಪರಾಗವನ್ನು ಬಟನ್ ಗುಲಾಬಿಯ ಹೂವಿಗೆ ಮುಟ್ಟಿಸಿ ಬೀಜ ಕಟ್ಟಿಸಿದರೆ, ಹುಟ್ಟುವ ನೂರು ಸಸಿಗಳಲ್ಲಿ ಒಂದಾದರೂ ತಾಯಿಯ ಗಾತ್ರ, ತಂದೆಯ ಮುಖ ತರಬಹುದು ಎಂದು ಗಣಪತ ಮಾಮಾ ಹೇಳಿದರು. ಅವರೂ ಎಂದೂ ಮಾಡಿ ನೋಡಿರಲಿಲ್ಲ.

ಮೊದಲ ವರ್ಷ ಕೆಡಿಸಿದವಳು ನಾನೇ. ಚಳಿಗಾಲದಲ್ಲಿ ಗಾವಠಿ ಹೂವಿನ ಪರಾಗ ಉದುರಿಸಿ ಒಣಗಿಸಿ, ಇಡುವುದಕ್ಕೆ ಮುಚ್ಚಳ ಬಿಗಿಯಾದ ಪುಟ್ಟ ಡಬ್ಬಿ ಬೇಕಾಗಿ ಮನೆಯಿಂದ ಕುಂಕುಮದ ಭರಣಿ ಒಯ್ದೆ. ಒಳ್ಳೆಯ ಕೆಲಸಕ್ಕೆ ಹೊರಟಿದ್ದೇನೆ, ಕುಂಕುಮದ ಭರಣಿಯಾದರೆ ಶುಭವೇ ಆಯಿತು ಎಂದು ಬೇರೆ ಅಂದುಕೊಂಡೆ. ಪೂರ್ತಿ ತೊಳೆದಿರಲಿಲ್ಲ. ಸೆರಗಿನಿಂದ ಒರೆಸಿದ್ದೆ ಅಷ್ಟೆ. ಕುಂಕುಮವೆಂದರೆ ಅರಿಸಿನ, ಸುಣ್ಣ. ಪರಾಗವೆಲ್ಲ ಕೆಂಪಾಗಿ ಗಂಟುಗಟ್ಟಿತು. ಅದನ್ನೇ ಬೆಳಿಗ್ಗೆ ಎದ್ದು ಹೂವಿನಿಂದ ಹೂವಿಗೆ ಭಕ್ತಿಯಿಂದ ಹಚ್ಚಿದೆ. ಒಂದು ಕಾಯಿಯೂ ನಿಲ್ಲಲಿಲ್ಲ.

ಎರಡನೇ ವರ್ಷ ಸ್ಟೀಲಿನ ಡಬ್ಬಿ ಕುದಿಸಿ ಒಣಗಿಸಿದೆ. ಕಾಯಿ ಕಟ್ಟಿದವು. ಬಟಾಣಿ ಗಾತ್ರ, ಹಸಿರು. ನಾಲ್ಕು ದಿನ ಜ್ವರದಲ್ಲಿ ಮಲಗಿ ಎದ್ದು ಬಂದರೆ ಗಿಡಗಳೆಲ್ಲ ನುಣ್ಣಗೆ ಕತ್ತರಿಸಿ ನಿಂತಿದ್ದವು. ಹೂ ಬಾಡಿದ ಮೇಲೆ ಕತ್ತರಿಸಬೇಕು ಎಂಬುದು ನರ್ಸರಿಯ ನಿಯಮ, ಇಲ್ಲದಿದ್ದರೆ ಮುಂದಿನ ಹೂ ತಡವಾಗುತ್ತದೆ. ಗಣಪತ ಮಾಮಾ ನಲವತ್ತು ವರ್ಷದ ರೂಢಿಯಂತೆ ಕತ್ತರಿ ಹಿಡಿದು ಸಾಲನ್ನು ಚೊಕ್ಕ ಮಾಡಿಬಿಟ್ಟಿದ್ದರು. ತಮ್ಮ ತಪ್ಪು ಗೊತ್ತಾದಾಗ ಅವರು ಕಸದ ಗುಂಡಿಯಲ್ಲಿ ಮಂಡಿಯೂರಿ ಆ ಕಾಯಿಗಳನ್ನು ಹುಡುಕಿದ್ದನ್ನು ನಾನು ನೋಡಿದ್ದೇನೆ. ಬಲಿಯದ ಕಾಯಿ, ಸಿಕ್ಕರೂ ಉಪಯೋಗವಿಲ್ಲ. ಅವರ ಮೇಲೆ ಸಿಟ್ಟು ಬಂತು, ಹೋಯಿತು. ಮರುವರ್ಷದಿಂದ ಅಕ್ಕಪಕ್ಕದ ಹೆಂಗಸರು ಬಾಳೆದಾರದಲ್ಲಿ ಮಾಲೆ ಕಟ್ಟುವ ಹಾಗೆ, ಯಾವ ಹೂವಿಗೆ ಪರಾಗ ಮುಟ್ಟಿಸಿದೆನೋ ಅದರ ಕುತ್ತಿಗೆಗೆ ಒಂದು ಕೆಂಪು ದಾರ ಕಟ್ಟತೊಡಗಿದೆ. ಕೆಂಪು ದಾರ ಕಂಡಲ್ಲಿ ಕತ್ತರಿ ನಿಲ್ಲಬೇಕು. ಇವತ್ತಿಗೂ ಆ ನರ್ಸರಿಯಲ್ಲಿ ಆ ಪದ್ಧತಿ ಇದೆಯಂತೆ. ಏಕೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಮೂರನೇ ವರ್ಷದ ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಯ ಫ್ರಿಜ್ಜಿನಲ್ಲಿ ಇಟ್ಟೆ. ಯಜಮಾನರು ಹುಣಸೆಬೀಜವೆಂದು ಎರಡು ಬಾರಿ ಹೊರಗೆ ಹಾಕಲು ನೋಡಿದರು. ಎಂಬತ್ತು ಬೀಜಕ್ಕೆ ಹತ್ತೊಂಬತ್ತು ಮೊಳೆತವು. ಕೆಲವಕ್ಕೆ ರೋಗ ಬಂತು, ಕೆಲವು ಎದೆಮಟ್ಟ ಹಾರಿದವು, ಕೆಲವು ಬೆಪ್ಪು ಮುಖದ ಐದೆಸಳಿನ ಹೂ ಬಿಟ್ಟವು. ಹದಿನೇಳನೆಯದು ಗೇಣುದ್ದಕ್ಕೆ ನಿಂತಿತು. ಅದರ ಮೊದಲ ಹೂ ಹಳೆಯ ಒಂದು ರೂಪಾಯಿ ನಾಣ್ಯದಷ್ಟು ಅಗಲ. ಒಳಗೆ ಎಸಳು ಒತ್ತೊತ್ತಾಗಿ, ನಾಲ್ಕು ಪಾಲು ಮಾಡಿ ಜೋಡಿಸಿದ ಹಾಗೆ, ನಡುವೆ ಒಂದು ಹಸಿರು ಚುಕ್ಕೆ. ನಸುಗೆಂಪು. ವಾಸನೆ ಗುಲ್ಕಂದದ ಭರಣಿ ತೆರೆದ ಹಾಗೆ. ಹೂವಿನ ಭಾರಕ್ಕೆ ತೆಳ್ಳಗಿನ ದಂಟು ತಡೆಯದೆ ತಲೆ ಸ್ವಲ್ಪ ಬಾಗಿತ್ತು. ನನಗೆ ಅಳು ಬಂತು. ಗಣಪತ ಮಾಮಾ ತಮ್ಮ ಟೊಪ್ಪಿಗೆ ತೆಗೆದು ಅದನ್ನು ನೋಡಿದರು.

ಅದರ ಕಡ್ಡಿಗಳನ್ನು ಮರಳಿನಲ್ಲಿ ನೆಟ್ಟು ಬೇರು ಬರಿಸಿದೆ. ಮೊದಲ ಗಿಡ ಅಕ್ಕೋರಿಗೆ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಕೊಂಢವಾಕ್ಕೆ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಹೂವನ್ನು ನೋಡಿದರು, ಮೂಸಿದರು, ಆಮೇಲೆ ನನ್ನನ್ನು ನೋಡಿದರು.

"ಐದು ವರ್ಷ ತೊಗೊಂಡಿ. ಇರ್ಲಿ, ಪಾಸ್."

ಈ ಕೆಲಸದಲ್ಲಿ ನನಗೆ ಸಿಕ್ಕ ಪ್ರಶಸ್ತಿ ಅದೊಂದೇ.

ಈಗ ಸಿಟ್ಟಿನ ಭಾಗಕ್ಕೆ ಬರುತ್ತೇನೆ. ಆ ಚಳಿಗಾಲದ ಗುಲಾಬಿ ಪ್ರದರ್ಶನಕ್ಕೆ ಸಾವಕಾರರು ಗಿಡವನ್ನು ಒಯ್ದರು, ನನ್ನನ್ನೂ ಕರೆದೊಯ್ದರು. ಬಟನ್ ಗುಲಾಬಿಗಳ ಮೇಜಿನ ಮೇಲೆ ಇಟ್ಟೆವು. ತೀರ್ಪುಗಾರರೊಬ್ಬರು ಬಂದರು. ದೊಡ್ಡ ಗುಲಾಬಿಯ ಮೊಗ್ಗು ಹೇಗೆ ನಡುವೆ ಎದ್ದು ಚೂಪಾಗಿ ನಿಲ್ಲುತ್ತದೋ, ಚಿಕ್ಕದೂ ಹಾಗೇ ಇರಬೇಕೆಂಬುದು ಅವರ ಲೆಕ್ಕ. ನಮ್ಮ ಹೂವನ್ನು ಬೆರಳಿನಿಂದ ಎತ್ತಿದರು. ಬಿಟ್ಟ ಕೂಡಲೇ ಅದು ಮತ್ತೆ ಬಾಗಿತು.

"ಹೇ ತರ ಪಾರ ಉಮಲೂನ ಗೇಲಂಯ," ಅಂದರು. ಇದು ಪೂರ್ತಿ ಅರಳಿ ಮುಗಿದು ಹೋಗಿದೆ, ಅಂತ. ಮೇಜಿನಿಂದ ತೆಗೆಸಿದರು.

ಅದು ಅರಳಿ ಮುಗಿದದ್ದಲ್ಲ, ಅದರ ಮುಖವೇ ಹಾಗೆ ಎಂದು ಮರಾಠಿಯಲ್ಲಿ ಹೇಳಿದೆ. ಅವರು ನನ್ನ ಉಗುರಿನ ಮಣ್ಣು ನೋಡಿ ಮುಂದಿನ ಮೇಜಿಗೆ ಹೋದರು. ಮೂಸಿ ಕೂಡ ನೋಡಲಿಲ್ಲ. ಗುಲಾಬಿಯ ತೀರ್ಪುಗಾರ ಗುಲಾಬಿಯನ್ನು ಮೂಸುವುದಿಲ್ಲ ಎಂಬುದನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ನರ್ಸರಿಗೆ ಬಂದ ಮೇಲೆ ಸಾವಕಾರರು, "ತಲಿ ತಗ್ಗಿಸಿ ನಿಂದ್ರೂ ಹೂವು ಯಾರಿಗೆ ಬೇಕ್ರಿ ಇಂದಿರಾಬಾಯಿ? ತಗಸ್ರಿ ಅದನ್ನ. ಜಾಗಾ ಖಾಲಿ ಮಾಡ್ರಿ," ಅಂದರು.

ತೆಗೆಸಿದೆ. ಆದರೆ ಎಸೆಯಲಿಲ್ಲ. ಗೊಬ್ಬರದ ಗುಂಡಿಯ ಹಿಂದಿನ ಗೋಡೆಯ ಪಕ್ಕ ಇಪ್ಪತ್ತು ಗಿಡಗಳನ್ನು ಬಚ್ಚಿಟ್ಟೆ. ಮಳೆಗಾಲದಲ್ಲಿ ಅವುಗಳ ಮೇಲೆ ತಗಡು ಮುಚ್ಚಬೇಕು. ಎಸಳು ಹೆಚ್ಚಿರುವ ಹೂವಿನ ಮೊಗ್ಗಿಗೆ ನೀರು ಬಿದ್ದರೆ ಹೊರಗಿನ ಎಸಳು ಅಂಟಿಕೊಂಡು ಅರಳದೆ ಕೊಳೆಯುತ್ತದೆ. ನೀವು ಇಂಥ ಗಿಡ ಬೆಳೆಸಿದರೆ ಇದನ್ನು ಮರೆಯಬೇಡಿ. ವರ್ಷಕ್ಕೊಮ್ಮೆ ಕಡ್ಡಿ ನೆಟ್ಟು ಹಳೆಯದರ ಜಾಗಕ್ಕೆ ಹೊಸದು ಇಡುತ್ತ, ಹನ್ನೊಂದು ವರ್ಷ ಕದ್ದು ಕಾಪಾಡಿದೆ. ಆ ನಡುವೆ ಗಣಪತ ಮಾಮಾ ಊರಿಗೆ ಹೋದರು. ಸಾವಕಾರರ ಮೊಣಕಾಲು ಹೋಯಿತು, ಅವರ ಮಗ ಮಹೇಶ ಕುರ್ಚಿಗೆ ಬಂದ.

ಮಹೇಶ ಕೆಟ್ಟವನಲ್ಲ. ನನ್ನನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದ. ಒಂದು ದಿನ ಫೋನು ಹಿಡಿದುಕೊಂಡು ಬಂದ. ಪರದೆಯ ಮೇಲೆ ಹೊರದೇಶದ ಯಾವುದೋ ತೋಟದ ತುಂಬು ಎಸಳಿನ ಗುಲಾಬಿಗಳು, ಎಲ್ಲವೂ ತಲೆ ಬಾಗಿದವು.

"ಮಾವಶಿ, ಈಗ ಇದ ಟ್ರೆಂಡ್ ಅದ. ಹಳೀ ಕಾಲದ ಲುಕ್. ಇಂಥಾದ್ದು ಸಣ್ಣ ಕುಂಡದಾಗ ಸಿಕ್ರ ಮಂದಿ ಮುಗಿಬಿದ್ದು ಒಯ್ತಾರ."

ನಾನು ಅವನ ಕೈ ಹಿಡಿದು ಗೊಬ್ಬರದ ಗುಂಡಿಯ ಹಿಂದಕ್ಕೆ ಕರೆದೊಯ್ದೆ. ಎಷ್ಟು ಸಂತೋಷದಿಂದ ಕರೆದೊಯ್ದೆನೆಂದು ನೆನೆದರೆ ಈಗ ಕೆನ್ನೆಗೆ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಮೊದಲು ಹೆಸರು ಹೋಯಿತು. ನಾನು ಅದನ್ನು ಹದಿನೇಳು ಎಂದಷ್ಟೇ ಕರೆಯುತ್ತಿದ್ದೆ. ಮಹೇಶ ಅದಕ್ಕೆ ಒಬ್ಬ ಇಂಗ್ಲಿಷ್ ರಾಣಿಯ ಹೆಸರಿನಂಥದ್ದೇನೋ ಇಟ್ಟು ಬಣ್ಣದ ಚೀಟಿ ಅಚ್ಚು ಹಾಕಿಸಿದ. ಕೆಳಗೆ 'ಇಂಪೋರ್ಟೆಡ್' ಎಂದಿತ್ತು. ಕಾತ್ರಜದ ಗೊಬ್ಬರದ ಗುಂಡಿಯ ಹಿಂದೆ ಹುಟ್ಟಿದ ಗಿಡ ಇಂಪೋರ್ಟೆಡ್! ನಾನು ಕೇಳಿದ್ದಕ್ಕೆ, "ಲೋಕಲ್ ಅಂದ್ರ ಯಾರೂ ತೊಗೊಳ್ಳೂದಿಲ್ಲ ಮಾವಶಿ, ನಿಮಗ ಗೊತ್ತಾಗೂದಿಲ್ಲ," ಅಂದ. ಅದನ್ನೂ ನುಂಗಿಕೊಂಡೆ.

ಆಮೇಲೆ ಬೇರು ಹೋಯಿತು. ಕಡ್ಡಿಯಿಂದ ಗಿಡ ಮಾಡಿದರೆ ಮಾರಾಟಕ್ಕೆ ಬರಲು ಒಂದು ವರ್ಷ ಬೇಕು. ಮಹೇಶನಿಗೆ ದೀಪಾವಳಿಗೆ ಬೇಕಾಗಿತ್ತು. ಕಾಡು ಗುಲಾಬಿಯ ಬೇರಿನ ಮೇಲೆ ನಮ್ಮ ಗಿಡದ ಚಿಗುರುಗಣ್ಣು ಕೂರಿಸಿ ಕಣ್ಣು ಕಸಿ ಮಾಡಿಸಲು ಹೊರಟ. ದೊಡ್ಡ ಗುಲಾಬಿಗೆ ಅದು ಸರಿ. ಗೇಣುದ್ದದ ಗಿಡಕ್ಕೆ ಕಾಡಿನ ಬೇರು ಕಟ್ಟಿದರೆ ಅದು ಗೇಣುದ್ದಕ್ಕೆ ನಿಲ್ಲುವುದಿಲ್ಲ, ಸೊಂಟದ ತನಕ ಏರುತ್ತದೆ. ಸಣ್ಣ ಗಿಡ ಸಣ್ಣದಾಗಿ ಉಳಿಯುವುದು ತನ್ನ ಸ್ವಂತ ಬೇರಿನ ಮೇಲೆ ಮಾತ್ರ. ಈ ವೃತ್ತಿಯಲ್ಲಿ ನಿಮಗೆ ಒಂದೇ ವಿಷಯ ಕಲಿಸಲು ನನಗೆ ಬಿಟ್ಟರೆ ಇದನ್ನೇ ಕಲಿಸುತ್ತೇನೆ.

"ಮಹೇಶ, ಇದು ಬೆಳೀತದ. ಮಂದಿ ಬಾಲ್ಕನಿಯೊಳಗ ಹಿಡಿಸೂದಿಲ್ಲ."

"ಅದಕ್ಕ ಔಷಧ ಅದ ಮಾವಶಿ. ಸಿಂಪಡಿಸಿದ್ರ ಕುಳ್ಳಗ ಇರ್ತದ."

"ಔಷಧ ಎಷ್ಟ ದಿನಾ? ನಾಕ ತಿಂಗಳಕ್ಕ ಇಳೀತದ."

"ನಾಕ ತಿಂಗಳಕ್ಕ ಗಿಡ ಅವರ ಮನ್ಯಾಗ ಇರ್ತದಲ್ಲ."

ಅವನು ಇದನ್ನು ನಗುತ್ತ ಹೇಳಿದ, ಒಂದು ಜಾಣ ಲೆಕ್ಕ ಬಿಡಿಸಿದವನ ಹಾಗೆ. ನಾನು ಆ ದಿನ ಕೆಲಸ ಬಿಡಬೇಕಾಗಿತ್ತು. ಬಿಡಲಿಲ್ಲ. ನನ್ನ ಇಪ್ಪತ್ತು ತಾಯಿಗಿಡಗಳ ಕೊಂಬೆಯನ್ನೆಲ್ಲ ಕಣ್ಣಿಗಾಗಿ ಬುಡದ ತನಕ ಕತ್ತರಿಸಿದರು. ಬೇಸಿಗೆಯಲ್ಲಿ ಅಷ್ಟು ಕತ್ತರಿಸಿದರೆ ಗಿಡ ಚೇತರಿಸಿಕೊಳ್ಳುವುದಿಲ್ಲ ಎಂದು ಅತ್ತು ಹೇಳಿದೆ. ಉಳಿದ ಮೋಟುಗಳನ್ನು ಗಾಡಿ ನಿಲ್ಲಿಸುವ ಜಾಗ ದೊಡ್ಡದು ಮಾಡುವಾಗ ಗುಂಡಿ, ಗೋಡೆ ಸಮೇತ ಕೆಡವಿ ಮುಚ್ಚಿದರು. ಅಂದು ನನಗೆ ರಜೆ ಇತ್ತು. ಮರುದಿನ ಬಂದರೆ ಅಲ್ಲಿ ಫರಸಿ ಕಲ್ಲು ಹಾಸುತ್ತಿದ್ದರು.

ದೀಪಾವಳಿಗೆ ಜನ ಮುಗಿಬಿದ್ದು ಗಿಡಗಳನ್ನು ಒಯ್ದರು. ಹೋಳಿಯ ಹೊತ್ತಿಗೆ ದೂರುಗಳು ಬರತೊಡಗಿದವು. ಗಿಡ ಕಿಟಕಿ ದಾಟಿದೆ, ಹೂವೇ ಇಲ್ಲ, ಬುಡದಿಂದ ಬೇರೆ ಥರದ ಮುಳ್ಳಿನ ಬಳ್ಳಿ ಎದ್ದಿದೆ. ದೂರು ಕೇಳುವುದಕ್ಕೆ ಮಹೇಶ ಬಾಗಿಲ ಹತ್ತಿರ ಒಂದು ಮೇಜು ಹಾಕಿ ನನ್ನನ್ನು ಕೂರಿಸಿದ. ನನ್ನ ಮಾತು ಮೆತ್ತಗೆ, ಮುಖ ನಂಬುವಂಥದ್ದು ಎಂದು. ಏನು ಹೇಳಬೇಕೆಂಬುದನ್ನೂ ಕಲಿಸಿದ. ನೀರು ಹೆಚ್ಚಾಗಿದೆ, ಬಿಸಿಲು ಸಾಲದು, ಗೊಬ್ಬರ ಜಾಸ್ತಿ. ಮೂರರಲ್ಲಿ ಒಂದು.

ನಾನು ಹೇಳಿದೆ. ಒಂದು ಬೇಸಿಗೆ ಪೂರ್ತಿ, ಬಂದವರಿಗೆಲ್ಲ, ಮರಾಠಿಯಲ್ಲಿ, ಹಿಂದಿಯಲ್ಲಿ, ಕನ್ನಡದಲ್ಲಿ, ತಪ್ಪು ನಿಮ್ಮದೇ ಎಂದು ಹೇಳಿದೆ. ಜನ ನಂಬಿದರು. ಕೆಲವರು ಕ್ಷಮೆ ಕೇಳಿ ಹೋದರು. ಒಬ್ಬ ಹೆಂಗಸು, ನನ್ನ ಕೈಗೆ ಗಿಡವೇ ಬಾಳುವುದಿಲ್ಲ, ನನ್ನ ಕೈಗುಣವೇ ಸರಿಯಿಲ್ಲ ಎಂದು ಕಣ್ಣೀರು ಹಾಕಿದಳು. ನಾನು ಅವಳ ಬೆನ್ನು ಸವರಿ ಸಮಾಧಾನ ಮಾಡಿದೆ. ನಿಜ ಹೇಳಲಿಲ್ಲ.

ಒಂದು ಬೆಳಿಗ್ಗೆ ಅಕ್ಕೋರು ಬಂದರು. ವಯಸ್ಸಾಗಿತ್ತು, ಕೈಯಲ್ಲಿ ಕೋಲು. ಮಗಳ ಮನೆಗೆಂದು ದೀಪಾವಳಿಯಲ್ಲಿ ಎರಡು ಗಿಡ ಕೊಂಡಿದ್ದರಂತೆ. ನಾನು ಅಂದು ಇರಲಿಲ್ಲ. ಚೀಟಿ ಯಾವುದಾದರೇನು, ಹೂವಿನ ಮುಖ ನೋಡಿ ಇದು ಇಂದಿರಾನ ಗಿಡ ಎಂದು ಗುರುತು ಹಿಡಿದು ಕೊಂಡಿದ್ದರು. ಈಗ ಅದರಿಂದ ಮುರಿದ ಒಂದು ಕೊಂಬೆಯನ್ನು ಮೇಜಿನ ಮೇಲೆ ಇಟ್ಟರು. ಮೇಜಿನ ಈ ತುದಿಯಿಂದ ಆ ತುದಿಗೆ ಮುಟ್ಟಿತು.

"ಇದೇನು ಇಂದಿರಾ?"

ಮಹೇಶ ಹಿಂದೆಯೇ ನಿಂತಿದ್ದ. ನನ್ನ ಬಾಯಿ ತಾನಾಗಿಯೇ ತೆರೆಯಿತು ಎಂದು ಬರೆಯಬಹುದು. ಸುಳ್ಳಾಗುತ್ತದೆ. ನಾನೇ ತೆರೆದೆ.

"ನಿಮ್ಮ ಮಣ್ಣಿನಾಗ ಗೊಬ್ಬರ ಹೆಚ್ಚಾಗಿರಬೇಕ್ರಿ ಅಕ್ಕೋರ."

ಅವರು ಕೋಲನ್ನು ಎಡಗೈಯಿಂದ ಬಲಗೈಗೆ ಬದಲಿಸಿದರು.

"ನೀ ಕೊಟ್ಟ ಮೊದಲಿನ ಗಿಡಾ ನನ್ನ ಬಾಲ್ಕನಿಯೊಳಗ ಅದ. ಮಗಳ ಕುಂಡಕ್ಕೂ ಅದಕ್ಕೂ ಮಣ್ಣು ಕಲಸಿ ಹಾಕಿದಾಕಿ ನಾನ. ಅದು ಇನ್ನೂ ಗೇಣುದ್ದನ ಅದ," ಅಂದರು. ಕೊಂಬೆಯನ್ನು ಅಲ್ಲೇ ಬಿಟ್ಟು ಹೋದರು.

ಆಟೋ ತನಕ ಅವರನ್ನು ಕಳಿಸಲೂ ನಾನು ಏಳಲಿಲ್ಲ. ಆ ಗಳಿಗೆಯಲ್ಲಿ ನನಗೆ ಹೊಳೆದದ್ದೇ ಬೇರೆ: ಸ್ವಂತ ಬೇರಿನ ಗಿಡ ಲೋಕದಲ್ಲಿ ಉಳಿದಿದ್ದರೆ ಅವರ ಮನೆಯಲ್ಲಿ ಮಾತ್ರ. ಅಲ್ಲಿಗೆ ಹೋಗುವ ಮುಖ ನನಗೆ ಉಳಿದಿರಲಿಲ್ಲ. ಎರಡು ವರ್ಷ ಹೋಗಲಿಲ್ಲ. ಮಹೇಶನ ರಾಣಿ ಹೆಸರಿನ ಗಿಡಗಳನ್ನು ಜನ ಕಿತ್ತೆಸೆದರು. ಅವನು ಬೇರೆ ಟ್ರೆಂಡು ಹಿಡಿದ. ನನಗೆ ಶಾಲು ಹೊದಿಸಿದರು.

ಆ ವಾಸನೆಯಿಲ್ಲದ ಗುಚ್ಛವನ್ನು ಬಸ್ ನಿಲ್ದಾಣದ ಕಸದ ಬುಟ್ಟಿಗೆ ಹಾಕಿ, ಮರುದಿನ ಕೊಂಢವಾಕ್ಕೆ ಹೋದೆ. ಅಕ್ಕೋರು ಬಾಗಿಲು ತೆಗೆದರು. ಒಳಗೆ ಬಾ ಅಂದರು, ನೀರು ಕೊಟ್ಟರು. ಬಾಲ್ಕನಿಯಲ್ಲಿ ಗಿಡ ಇತ್ತು. ಮುದಿಯಾಗಿತ್ತು, ಬುಡ ಕಪ್ಪಗೆ ಗಂಟುಗಂಟಾಗಿತ್ತು, ಜೀವ ಇದ್ದ ಕೊಂಬೆ ಒಂದೇ. ಅದರಲ್ಲಿ ಒಂದು ಹೂ, ತಲೆ ಬಾಗಿಸಿಕೊಂಡು. ನಾನು ಮೂಸಿದೆ. ಅದೇ ವಾಸನೆ.

"ಅಕ್ಕೋರ, ಇದು ಈ ವರ್ಷ ಉಳಿಯೂದು ಕಷ್ಟ ಅದರಿ. ಮೂರ ಕಡ್ಡಿ ಕೊಡ್ರಿ. ಬೇರು ಬರಿಸ್ತೀನಿ."

"ಕೊಡ್ತೀನಿ. ಮೊದಲು ಬರಕೊಂಡು ಬಾ."

"ಏನ್ರಿ?"

"ಈ ಗಿಡಕ್ಕ ನೀವೆಲ್ಲಾ ಏನ ಮಾಡಿದ್ರಿ ಅಂತ. ನಿನ್ನ ಅಕ್ಷರ ಛಲೋ ಅದಾವ. ಈ ಕೆಲಸಕ್ಕ ಬರೂ ಹುಡುಗ್ರಿಗೆ ತಿಳೀಬೇಕು. ಬರದು ತೋರಸು, ಕಡ್ಡಿ ಒಯ್ಯಿ."

ಎಂಬತ್ತು ಮುಟ್ಟುತ್ತಿದ್ದ ಶಿಕ್ಷಕಿ ಅರವತ್ತರ ನನಗೆ ಮನೆಪಾಠ ಕೊಟ್ಟು ಕಳಿಸಿದರು. ಸಿಟ್ಟು ಬಂತು. ಗಿಡ ಸಾಯುತ್ತಿದೆ, ಇವರಿಗೆ ಪಾಠದ ಚಿಂತೆ ಎಂದು ಮೆಟ್ಟಿಲು ಇಳಿಯುವಾಗ ಗೊಣಗಿಕೊಂಡೆ. ನಾಲ್ಕು ದಿನ ಕೂತು ಬರೆದು ಒಯ್ದೆ. ಅವರು ಕೆಂಪು ಪೆನ್ನು ಹಿಡಿದು ಓದಿದರು. ತೀರ್ಪುಗಾರ, ಸಾವಕಾರ, ಮಹೇಶ, ಎಲ್ಲರನ್ನೂ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದೆ. ಓದಿ ಮುಗಿಸಿ ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ವಾಪಸು ಕೊಟ್ಟರು.

"ಇದರಾಗ ಎಲ್ಲಾರ ತಪ್ಪು ಅದ. ಆ ಮೇಜಿನ ಹಿಂದ ಕೂತಾಕಿ ಯಾರು? ಆಕಿದು ಎಲ್ಲಿ ಅದ?"

ಮೇಜಿನ ಭಾಗವನ್ನು ನಾನು ಬರೆದೇ ಇರಲಿಲ್ಲ. ಅಲ್ಲೇ ಅವರ ಊಟದ ಮೇಜಿನ ಮುಂದೆ ಕೂತು ಬರೆದೆ. ನೀವು ಮೇಲೆ ಓದಿದ್ದು ಅದನ್ನೇ. ಆ ಹೆಂಗಸಿನ ಬೆನ್ನು ಸವರಿದ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ಮಹೇಶನ ಮೇಲಿನ ನನ್ನ ಸಿಟ್ಟು ಆರಿಲ್ಲ, ಆರಬೇಕಾಗಿಯೂ ಇಲ್ಲ. ಆದರೆ ಅವನ ಸುಳ್ಳು ಚೀಟಿಯ ಮೇಲಿತ್ತು. ಜನ ನಂಬಿದ್ದು ಚೀಟಿಯನ್ನಲ್ಲ, ನನ್ನನ್ನು. ಅಕ್ಕೋರು ಓದಿದರು. ಪಾಸ್ ಎಂದು ಹೇಳಲಿಲ್ಲ. ಒಳಗೆ ಹೋಗಿ ಕತ್ತರಿ ತಂದು ಕೊಟ್ಟರು.

ಆ ಒಂದೇ ಕೊಂಬೆಯಿಂದ ಮೂರು ಕಡ್ಡಿ ಬಂದವು, ಊದುಬತ್ತಿಯಷ್ಟು ತೆಳ್ಳಗೆ. ಬಿಬವೇವಾಡಿಯ ನನ್ನ ಅಡುಗೆಮನೆಯ ಕಿಟಕಿಯಲ್ಲಿ, ತೊಳೆದ ಮರಳಿನಲ್ಲಿ ನೆಟ್ಟು, ಮೇಲೆ ಅರ್ಧ ಕತ್ತರಿಸಿದ ನೀರಿನ ಬಾಟಲಿ ಮುಚ್ಚಿದೆ. ಒಂದು ಹತ್ತು ದಿನದಲ್ಲಿ ಕಪ್ಪಾಯಿತು. ಇನ್ನೊಂದು ಚಿಗುರು ತೋರಿಸಿ, ಬೇರು ಬಿಡದೆ ಮೋಸ ಮಾಡಿತು. ಮೂರನೆಯದನ್ನು ಆರನೇ ವಾರ ಮೆಲ್ಲಗೆ ಎಳೆದು ನೋಡಿದೆ, ಅದು ಮರಳನ್ನು ಹಿಡಿದುಕೊಂಡಿತ್ತು. ಅಕ್ಕೋರ ಬಾಲ್ಕನಿಯ ತಾಯಿಗಿಡ ಅಷ್ಟರಲ್ಲಿ ಒಣಗಿತ್ತು.

ಆ ಒಂದರಿಂದ ಈಗ ನಾಲ್ಕು ಗಿಡಗಳಾಗಿವೆ. ಮೊದಲನೆಯದು ಕೊಂಢವಾಕ್ಕೆ ಹೋಗಿದೆ. ಉಳಿದ ಮೂರನ್ನು ಕಲಿಯಬೇಕೆಂದು ಬರುವವರಿಗೆ ಕೊಡುವವಳಿದ್ದೇನೆ. ಮೊನ್ನೆ ಹಳೆಯ ಡಬ್ಬಿಯಿಂದ ತಗಡಿನ ಪಟ್ಟಿ ಹುಡುಕಿ ತೆಗೆದು, ಮೊಳೆ ಹಿಡಿದು ಕೂತೆ. ಹೆಸರೇನು ಕೊರೆಯಬೇಕೆಂದು ಬಹಳ ಹೊತ್ತು ಯೋಚಿಸಿ, ಹೆಸರು ಬಿಟ್ಟೆ. ಕೊರೆದದ್ದು ಇಷ್ಟು: "ಕಡ್ಡಿಯಿಂದ ಮಾಡಿದ್ದು, ಕಸಿ ಅಲ್ಲ. ಗೇಣಿಗಿಂತ ಎತ್ತರ ಬೆಳೆದರೆ ತಪ್ಪು ನಿಮ್ಮದಲ್ಲ, ಬಂದು ನನ್ನನ್ನು ಕೇಳಿ. ಇಂದಿರಾ."